ಹೊರಗಿನಿಂದ ಕಚೇರಿಯೊಳಕ್ಕೆ: ಮೈಕ್ರೋಟಿಕ್ ಹ್ಯಾಪ್ ಎಎಕ್ಸ್2 ರೂಟರಿನ ವಿಪಿಎನ್ ವಿಮರ್ಶೆ

ಒಳಗೆ ಒಂದು ಸರ್ವರು, ಹೊರಗಿನಿಂದ ಅದನ್ನು ತಲುಪಬೇಕಾದ ಹತ್ತು ಹದಿನೈದು ಮಂದಿ ಸಿಬ್ಬಂದಿ, ನಡುವೆ ಸಾಮಾನ್ಯ ಫೈಬರ್ ಬ್ರಾಡ್‌ಬ್ಯಾಂಡ್ ಇರುವ ಸಣ್ಣ ಕಚೇರಿಗೆ ಮೈಕ್ರೋಟಿಕ್ ಕಂಪನಿಯ ಹ್ಯಾಪ್ ಎಎಕ್ಸ್2 ರೂಟರನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ; ಆದರೆ ರೂಟರನ್ನು ತಂದು ಗೋಡೆಗೆ ತೂಗುಹಾಕಿ ಮರೆತುಬಿಡುವ ಕಚೇರಿಗೆ ಶಿಫಾರಸು ಮಾಡುವುದಿಲ್ಲ. ವಿಪಿಎನ್ ಟನಲ್ (ಇಂಟರ್ನೆಟ್ಟಿನೊಳಗೇ ಕಚೇರಿಯವರೆಗೆ ತೆಗೆದ ಗೂಢಲಿಪಿಯ ಸುರಂಗ) ಎಬ್ಬಿಸುವುದು ಈಗ ಅಂಥ ಕಷ್ಟದ ಕೆಲಸವೇನಲ್ಲ, ಅಂಗಡಿಯಲ್ಲಿ ಸಿಗುವ ಹಲವು ರೂಟರುಗಳು ಅಷ್ಟನ್ನು ಮಾಡುತ್ತವೆ. ಟನಲ್ ಮೂಲಕ ಒಳಗೆ ಬಂದವರಿಗೆ ಏನೇನು ಕಾಣಬೇಕು, ಅವರು ಬಂದುಹೋದದ್ದಕ್ಕೆ ದಾಖಲೆ ಎಲ್ಲಿದೆ, ಕೆಲಸ ಬಿಟ್ಟವರನ್ನು ಹೊರಗಿಡುವುದು ಹೇಗೆ ಎಂಬ ಪ್ರಶ್ನೆಗಳಿಗೆ ರೂಟರು ಎಷ್ಟರಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದರಿಂದಲೇ ಅದರ ಯೋಗ್ಯತೆಯನ್ನು ಅಳೆಯಬೇಕು.

ಮೊದಲು ಯಂತ್ರದ ವಿವರ. 1996ರಲ್ಲಿ ಲಾಟ್ವಿಯಾದ ರೀಗಾದಲ್ಲಿ ಆರಂಭವಾದ ಮೈಕ್ರೋಟಿಕ್ ಈ ಮಾದರಿಯನ್ನು 2022ರಲ್ಲಿ ಹೊರತಂದಿತು. ಕ್ವಾಲ್‌ಕಾಮ್‌ನ 864 ಮೆಗಾಹರ್ಟ್ಸ್ ವೇಗದ ನಾಲ್ಕು ಕೋರ್‌ಗಳ ಪ್ರೊಸೆಸರ್, 1 ಜಿಬಿ ರ‍್ಯಾಮ್, 128 ಎಂಬಿ ಸಂಗ್ರಹ, ಐದು ಗಿಗಾಬಿಟ್ ಪೋರ್ಟುಗಳು ಮತ್ತು ವೈಫೈ 6 ಇದರಲ್ಲಿವೆ. ತಯಾರಕರು ಸೂಚಿಸಿದ ಬೆಲೆ 99 ಡಾಲರ್. ಇಲ್ಲಿಗೆ ಬರುವಷ್ಟರಲ್ಲಿ ಸುಂಕ, ತೆರಿಗೆ, ವ್ಯಾಪಾರಿಯ ಲಾಭ ಸೇರಿಕೊಳ್ಳುತ್ತವೆ. ಯುಎಸ್‌ಬಿ ಪೋರ್ಟ್ ಇಲ್ಲದಿರುವುದರಿಂದ, ಫೈಬರ್ ಕಡಿದಾಗ 4ಜಿ ಡಾಂಗಲ್ ಸಿಕ್ಕಿಸಿ ಕೆಲಸ ಮುಂದುವರಿಸುವ ಆಸೆ ಇರುವವರು ಇದೇ ಸಾಲಿನ ಎಎಕ್ಸ್3 ಮಾದರಿಯತ್ತ ನೋಡಬೇಕು. ಇದರೊಳಗಿನ ರೂಟರ್‌ಓಎಸ್ ತಂತ್ರಾಂಶಕ್ಕೆ ನಾಲ್ಕನೆಯ ಹಂತದ ಪರವಾನಗಿ ಜೊತೆಯಲ್ಲೇ ಬರುತ್ತದೆ, ಅದರಲ್ಲಿ ಎಲ್‌2ಟಿಪಿ ಎಂಬ ಬಗೆಯ ವಿಪಿಎನ್ ಸಂಪರ್ಕಗಳಿಗೆ 200ರ ಮಿತಿಯಿದೆ. ನಮ್ಮ ಲೆಕ್ಕಕ್ಕೆ ಅದು ಮಿತಿಯೇ ಅಲ್ಲ. ಬಳಕೆದಾರರ ತಲೆಯೆಣಿಸಿ ವರ್ಷವರ್ಷ ಶುಲ್ಕ ಕೇಳುವ ದೊಡ್ಡ ಫೈರ್‌ವಾಲ್ (ಜಾಲದ ಸಂಚಾರವನ್ನು ಸೋಸುವ) ಪೆಟ್ಟಿಗೆಗಳೊಂದಿಗೆ ಹೋಲಿಸುವಾಗ ಈ ಒಂದು ಅಂಶವೇ ಎಷ್ಟೋ ಕಚೇರಿಗಳ ತೀರ್ಮಾನವನ್ನು ಬದಲಿಸುತ್ತದೆ.

ನಾನು ಈ ರೂಟರನ್ನು ಹೆಚ್ಚಾಗಿ ಕೂರಿಸುವುದು ಲೆಕ್ಕಪರಿಶೋಧಕರ ಕಚೇರಿಗಳಲ್ಲಿ. ಜುಲೈ 31ರ ರಿಟರ್ನ್ ಗಡುವು ಹತ್ತಿರವಾದಂತೆ ಸಿಬ್ಬಂದಿ ರಾತ್ರಿ ಮನೆಯಿಂದಲೂ ಟ್ಯಾಲಿ ತೆರೆಯಬೇಕಾಗುತ್ತದೆ. ಟ್ಯಾಲಿ ಬೆಂಗಳೂರಿನಲ್ಲೇ ಹುಟ್ಟಿದ ತಂತ್ರಾಂಶವಾದರೂ ಅದರ ಡೇಟಾ ಫೋಲ್ಡರನ್ನು ದೂರದಿಂದ ನೇರವಾಗಿ ತೆರೆದರೆ ತೆವಳುತ್ತದೆ. ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡುವ ಅಪಾಯವೂ ಇದೆ. ಆದ್ದರಿಂದ ಸರ್ವರಿನಲ್ಲೇ ಟ್ಯಾಲಿ ನಡೆಯುವಂತೆ ಮಾಡಿ, ಅದರ ಪರದೆಯನ್ನಷ್ಟೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮನೆಗೆ ತರುವುದು ರೂಢಿ. ಈ ರೂಢಿಯ ಸೋಮಾರಿ ರೂಪವೆಂದರೆ ಹಳೆಯ ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೆಯ ಪೋರ್ಟನ್ನು (ಸಂಖ್ಯೆಯಿಂದ ಗುರುತಿಸುವ ಬಾಗಿಲನ್ನು) ನೇರ ಇಂಟರ್ನೆಟ್ಟಿಗೆ ತೆರೆದಿಡುವುದು. ಪಾಸ್‌ವರ್ಡ್ ಊಹಿಸುವ ಯಂತ್ರಗಳು ಅಂಥ ಪೋರ್ಟನ್ನು ಹಗಲಿರುಳು ತಟ್ಟುತ್ತಿರುತ್ತವೆ. 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ದೋಷವಂತೂ ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್ ಯಂತ್ರಗಳೊಳಗೆ ನುಗ್ಗಲು ದಾರಿ ಕೊಡುವಂಥದ್ದಾಗಿತ್ತು. ವಿಪಿಎನ್ ಬೇಕಾಗಿರುವುದು ಈ ಪೋರ್ಟನ್ನು ಮುಚ್ಚುವುದಕ್ಕಾಗಿ. ಹಾಗಾಗಿ ಮುಂದಿನ ಎಲ್ಲ ಮಾತುಗಳೂ ಈ ಒಂದು ಕೆಲಸವನ್ನು ಮುಂದಿಟ್ಟುಕೊಂಡೇ ಆಡಿದವು.

ರೂಟರ್‌ಓಎಸ್‌ನಲ್ಲಿ ಹೊರಗಿನ ಬಳಕೆದಾರರನ್ನು ಒಳಗೆ ಬಿಡುವ ದಾರಿಗಳು ಬೇಕಾದಷ್ಟಿವೆ, ಬೇಡವಾದವೂ ಇವೆ. ಪಿಪಿಟಿಪಿ ಇಂದಿಗೂ ಪಟ್ಟಿಯಲ್ಲಿದೆ. 1999ರಲ್ಲಿ ದಾಖಲಾದ ಈ ವಿಧಾನ ನೆಚ್ಚಿಕೊಂಡ ಪಾಸ್‌ವರ್ಡ್ ಪರಿಶೀಲನೆಯನ್ನು ಒಂದೇ ದಿನದೊಳಗೆ ಮುರಿಯಬಹುದೆಂದು 2012ರಲ್ಲೇ ಬಹಿರಂಗವಾಗಿ ತೋರಿಸಲಾಗಿತ್ತು, 2016ರಲ್ಲಿ ಆ್ಯಪಲ್ ತನ್ನ ಸಾಧನಗಳಿಂದ ಅದನ್ನು ತೆಗೆದುಹಾಕಿತು. ಇನ್ನೂ ಅದನ್ನು ಬಳಸುತ್ತಿರುವ ಕಚೇರಿ ಇದ್ದರೆ ಈ ವಿಮರ್ಶೆ ಓದುವ ಮೊದಲು ಅದನ್ನು ನಿಲ್ಲಿಸುವುದು ಒಳ್ಳೆಯದು. ಎಸ್‌ಎಸ್‌ಟಿಪಿ 443ನೆಯ ಪೋರ್ಟಿನ ಮೂಲಕ ಹೋಗುವುದರಿಂದ ಹೋಟೆಲ್, ಆಸ್ಪತ್ರೆಗಳ ಬಿಗಿ ವೈಫೈಗಳಲ್ಲೂ ನುಸುಳುತ್ತದೆ. ಆದರೆ ಕಳೆದುಹೋದ ಪ್ಯಾಕೆಟ್ಟನ್ನು (ಡೇಟಾದ ತುಂಡನ್ನು) ಮತ್ತೆ ಕಳಿಸುವ ಟಿಸಿಪಿ ಎಂಬ ವಿಧಾನವನ್ನು ಇನ್ನೊಂದು ಟಿಸಿಪಿಯೊಳಗೆ ಸಾಗಿಸುವ ಅದರ ಕ್ರಮದಿಂದಾಗಿ ಸಂಪರ್ಕ ಸ್ವಲ್ಪ ಹದಗೆಟ್ಟರೂ ಪರದೆ ನಿಂತುನಿಂತು ಬರುತ್ತದೆ. ಓಪನ್‌ವಿಪಿಎನ್ ಕೂಡ ಇದೆ. ರೂಟರ್‌ಓಎಸ್‌ನ ಏಳನೆಯ ಆವೃತ್ತಿ ಬರುವವರೆಗೆ ಅದಕ್ಕೆ ಹಾಗೆ ಮತ್ತೆ ಕಳಿಸುವ ಗೋಜಿಲ್ಲದ ಯುಡಿಪಿ ವಿಧಾನದ ಬೆಂಬಲವೇ ಇರಲಿಲ್ಲ. ಈಗ ಇದ್ದರೂ, ಬೇರೆ ಕಡೆ ಓಪನ್‌ವಿಪಿಎನ್ ಕಟ್ಟಿ ಅನುಭವವಿರುವವರಿಗೆ ಇಲ್ಲಿನದು ಅರೆಬರೆ ಎನಿಸುತ್ತದೆ. ಉಳಿಯುವುದು ಎಲ್‌2ಟಿಪಿ, ಐಕೆಇವಿ2 ಮತ್ತು ವೈರ್‌ಗಾರ್ಡ್.

ಎಲ್‌2ಟಿಪಿಯನ್ನು ಐಪಿಸೆಕ್ ಎಂಬ ಗೂಢಲಿಪಿ ವ್ಯವಸ್ಥೆಯ ಜೊತೆಗೆ ಕಟ್ಟುವುದು ಈ ರೂಟರಿನಲ್ಲಿ ಅತ್ಯಂತ ಸುಲಭ. ಪಿಪಿಪಿ ಎಂಬ ವಿಭಾಗದಲ್ಲಿ ಎಲ್‌2ಟಿಪಿ ಸರ್ವರನ್ನು ಚಾಲೂ ಮಾಡಿ, ಐಪಿಸೆಕ್ ಕಡ್ಡಾಯವೆಂದು ಆಯ್ದು, ಎಲ್ಲರಿಗೂ ಸಾಮಾನ್ಯವಾದ ಒಂದು ಗುಪ್ತಪದ ಕೊಟ್ಟು, ಸೀಕ್ರೆಟ್ಸ್ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಹೆಸರು, ಪಾಸ್‌ವರ್ಡ್ ಬರೆದು, ಹೊರಗಿನವರಿಗೆ ಹಂಚುವ ವಿಳಾಸಗಳ ಒಂದು ಪೂಲ್ ಮಾಡಿದರೆ ಮುಗಿಯಿತು. ಟೆಲಿಫೋನ್ ಮೋಡೆಮ್ಮುಗಳ ಕಾಲದಲ್ಲಿ ಇಂಟರ್ನೆಟ್ ಕಂಪನಿಗಳು ಗ್ರಾಹಕರನ್ನು ಒಳಬಿಡುತ್ತಿದ್ದ ಅದೇ ಪಿಪಿಪಿ ವ್ಯವಸ್ಥೆ ಇದು. ಅದರ ಶಿಸ್ತೂ ಉಳಿದುಬಂದಿದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ವಿಳಾಸದಿಂದ ಬಂದರು, ಯಾವಾಗ ಹೋದರು ಎಂಬುದು ಲಾಗ್‌ನಲ್ಲಿ ಬೀಳುತ್ತದೆ. ಈ ಕ್ಷಣದಲ್ಲಿ ಒಳಗಿರುವವರ ಪಟ್ಟಿ ಕಣ್ಣೆದುರಿಗಿರುತ್ತದೆ. ಒಬ್ಬೊಬ್ಬರ ವೇಗಕ್ಕೂ ಮಿತಿ ಹಾಕಬಹುದು. ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶ ಹಾಕುವ ಅಗತ್ಯವೂ ಇಲ್ಲ. ಟಿಸಿಪಿ ಪ್ಯಾಕೆಟ್ಟಿನ ಗಾತ್ರವನ್ನು ಟನಲ್ಲಿಗೆ ತಕ್ಕಂತೆ ಇಳಿಸುವ ಕೆಲಸವನ್ನೂ ಪಿಪಿಪಿ ಪ್ರೊಫೈಲು ತಾನಾಗಿಯೇ ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ಅನುಕೂಲವಿದ್ದೂ ಹೊಸದಾಗಿ ಕಟ್ಟುವವರಿಗೆ ನಾನು ಎಲ್‌2ಟಿಪಿಯನ್ನು ಹೇಳುವುದಿಲ್ಲ. ಒಂದೇ ಮನೆಯ ವೈಫೈ ಹಿಂದಿರುವ ಇಬ್ಬರು ಏಕಕಾಲದಲ್ಲಿ ಕಚೇರಿಗೆ ಸಂಪರ್ಕ ಪಡೆಯಲಾರರು ಎಂಬ ಮಿತಿಯನ್ನು ಮೈಕ್ರೋಟಿಕ್‌ನ ಕೈಪಿಡಿಯೇ ಒಪ್ಪಿಕೊಂಡಿದೆ. ಗಂಡ ಹೆಂಡತಿ ಇಬ್ಬರೂ ಒಂದೇ ಸಂಸ್ಥೆಯಲ್ಲಿದ್ದರೆ, ಅಥವಾ ಒಂದೇ ಪಿಜಿಯಲ್ಲಿ ಸಿಎ ತರಬೇತಿಯ ಇಬ್ಬರು ಆರ್ಟಿಕಲ್ ವಿದ್ಯಾರ್ಥಿಗಳಿದ್ದರೆ, ಒಬ್ಬರು ಬಂದಾಗ ಇನ್ನೊಬ್ಬರು ಹೊರಬೀಳುತ್ತಾರೆ. ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ಮೈಕ್ರೋಟಿಕ್ ಕೂತಿದ್ದರೆ ಪ್ರತಿಯೊಂದು ವಿಂಡೋಸ್ ಲ್ಯಾಪ್‌ಟಾಪಿನ ರಿಜಿಸ್ಟ್ರಿಯಲ್ಲೂ (ಒಳ ಸಂರಚನೆಯ ಕೋಶದಲ್ಲೂ) ಒಂದು ಬದಲಾವಣೆ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಸಂಪರ್ಕವೇ ಸಿಗದು. ಆ್ಯಂಡ್ರಾಯ್ಡ್ 12ರಿಂದ ಮುಂದಕ್ಕೆ ಫೋನಿನಲ್ಲಿ ಹೊಸ ಎಲ್‌2ಟಿಪಿ ಸಂಪರ್ಕ ಸೇರಿಸುವ ಆಯ್ಕೆಯೇ ಇಲ್ಲ. 2022ರ ಜನವರಿಯಲ್ಲಿ ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಬಂದ ಬೆನ್ನಲ್ಲೇ ಎಲ್‌2ಟಿಪಿ ಸಂಪರ್ಕಗಳು ಕೆಟ್ಟುನಿಂತು, ಮೈಕ್ರೋಸಾಫ್ಟ್ ತುರ್ತಾಗಿ ಇನ್ನೊಂದು ಅಪ್‌ಡೇಟ್ ಬಿಡಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಕಂಪನಿ ಪಿಪಿಟಿಪಿಯ ಜೊತೆಗೆ ಎಲ್‌2ಟಿಪಿಯನ್ನೂ ವಿಂಡೋಸ್ ಸರ್ವರಿನ ಮುಂದಿನ ಆವೃತ್ತಿಗಳಿಂದ ಕೈಬಿಡುವುದಾಗಿ ಘೋಷಿಸಿತು. ಮನೆ ಖಾಲಿ ಮಾಡಿ ಎಂದು ಮಾಲೀಕರು ಹೇಳಿಯಾದ ಮೇಲೆ ಅಲ್ಲಿ ಹೊಸ ಕಪಾಟು ಹೊಡೆಸಿದಂತೆ, ಈಗ ಹೊಸ ಎಲ್‌2ಟಿಪಿ ಕಟ್ಟುವುದು.

ಐಕೆಇವಿ2 ಗುಣದಲ್ಲಿ ಮೇಲು. ವಿಂಡೋಸ್, ಐಫೋನ್, ಮ್ಯಾಕ್, ಹೊಸ ಆ್ಯಂಡ್ರಾಯ್ಡ್ ಎಲ್ಲದರಲ್ಲೂ ಹುಟ್ಟಿನಿಂದಲೇ ಇದೆ. ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹೊರಳಿದರೂ ಸಂಪರ್ಕ ಉಳಿಸಿಕೊಳ್ಳುವ ಸಾಮರ್ಥ್ಯವನ್ನು ಆ ಮಾನದಂಡದ ಜೊತೆಗಾರ ವಿಸ್ತರಣೆಯೊಂದು ಒದಗಿಸುತ್ತದೆ. ಎಎಕ್ಸ್2ರ ಪ್ರೊಸೆಸರ್ ಐಪಿಸೆಕ್ ಗೂಢಲಿಪೀಕರಣವನ್ನು ಯಂತ್ರಾಂಶದಲ್ಲೇ ಮಾಡುತ್ತದೆ. ಆದರೆ ಕಟ್ಟುವ ಕೆಲಸ ದೊಡ್ಡದು. ರೂಟರಿನಲ್ಲೇ ಗುರುತಿನ ಪ್ರಮಾಣಪತ್ರ ಕೊಡುವ ಒಂದು ಪ್ರಾಧಿಕಾರ ಮಾಡಿ, ಸರ್ವರಿಗೆ ಪ್ರಮಾಣಪತ್ರ ಕೊಟ್ಟು, ಅದರಲ್ಲಿ ಬರೆದ ಹೆಸರಿಗೂ ಬಳಕೆದಾರರು ಹಾಕುವ ವಿಳಾಸಕ್ಕೂ ಅಕ್ಷರಶಃ ಹೊಂದಿಕೆ ಇರುವಂತೆ ನೋಡಿಕೊಂಡು, ಪ್ರತಿ ಸಾಧನಕ್ಕೂ ಅದನ್ನು ತಲುಪಿಸಬೇಕು. ವಿಂಡೋಸ್ ತಾನಾಗಿ ಮುಂದಿಡುವ ಕೀ ವಿನಿಮಯ 1024 ಬಿಟ್‌ನ ಹಳೆಯ ಗುಂಪಿನದು, ಅದನ್ನು ಪವರ್‌ಶೆಲ್ ಆದೇಶದಿಂದಲೇ ಬಿಗಿ ಮಾಡಬೇಕು. ಕಚೇರಿಯ ಸಂಚಾರ ಮಾತ್ರ ಟನಲ್ಲಿಗೆ ಹೋಗಲಿ ಎಂದರೆ ಅದಕ್ಕೂ ಇನ್ನೊಂದು ಆದೇಶ. ಪ್ರಮಾಣಪತ್ರದ ಜೊತೆಗೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೂಡ ಬೇಕೆಂದರೆ ರೂಟರ್‌ಓಎಸ್‌ನ ಯೂಸರ್ ಮ್ಯಾನೇಜರ್ ಎಂಬ ಹೆಚ್ಚುವರಿ ಪ್ಯಾಕೇಜನ್ನು ಹಾಕಿ ಅದನ್ನು ರೇಡಿಯಸ್ ಸರ್ವರಾಗಿ, ಅಂದರೆ ಬಳಕೆದಾರರ ಗುರುತು ಪರಿಶೀಲಿಸುವ ಸರ್ವರಾಗಿ, ನಿಲ್ಲಿಸಬಹುದು. ಅಷ್ಟನ್ನು ಇದೇ ಸಣ್ಣ ಪೆಟ್ಟಿಗೆ ನಿಭಾಯಿಸುತ್ತದೆ ಎನ್ನುವುದು ಮೆಚ್ಚಬೇಕಾದ ಸಂಗತಿ. ಕಂಪ್ಯೂಟರುಗಳೆಲ್ಲ ಒಂದು ಡೊಮೇನಿನ ಹಿಡಿತದಲ್ಲಿದ್ದು, ನಿರ್ವಾಹಕರೊಬ್ಬರು ಕಾಯಂ ಇರುವ ಕಚೇರಿಗೆ ಐಕೆಇವಿ2 ಸರಿ. ಸಿಬ್ಬಂದಿ ತಮ್ಮತಮ್ಮ ಸ್ವಂತ ಲ್ಯಾಪ್‌ಟಾಪ್ ತರುವ ಕಡೆ ಅದರ ಶ್ರಮಕ್ಕೆ ತಕ್ಕ ಪ್ರತಿಫಲ ಸಿಗುವುದಿಲ್ಲ.

ಹೀಗಾಗಿ ಬಹುತೇಕ ಕಡೆ ಕೊನೆಗೆ ಬಂದು ನಿಲ್ಲುವುದು ವೈರ್‌ಗಾರ್ಡ್‌ನಲ್ಲಿ. ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ಇದು 2020ರ ಮಾರ್ಚಿನಲ್ಲಿ ಲಿನಕ್ಸ್ 5.6 ಕರ್ನಲ್ಲಿನ ಭಾಗವಾಯಿತು, 2021ರ ಡಿಸೆಂಬರಿನಲ್ಲಿ ಬಂದ ರೂಟರ್‌ಓಎಸ್ 7ರ ಮೂಲಕ ಮೈಕ್ರೋಟಿಕ್ ರೂಟರುಗಳಿಗೂ ಬಂತು. ಆಯ್ಕೆಗಳೇ ಇಲ್ಲದಿರುವುದು ಇದರ ದೊಡ್ಡ ಗುಣ: ಗೂಢಲಿಪಿ ಯಾವುದು, ಗುಂಪು ಯಾವುದು ಎಂಬ ಚೌಕಾಸಿ ಎರಡು ತುದಿಗಳ ನಡುವೆ ನಡೆಯುವುದಿಲ್ಲ, ಎಲ್ಲವೂ ಮೊದಲೇ ನಿಗದಿ. ಎರಡೂ ಕಡೆ ಒಂದೊಂದು ಜೋಡಿ ಕೀ: ಗುಟ್ಟಾಗಿಡುವ ಖಾಸಗಿ ಕೀ, ಹೊರಗೆ ಕೊಡಬಹುದಾದ ಸಾರ್ವಜನಿಕ ಕೀ. ಸಾರ್ವಜನಿಕ ಕೀಯನ್ನು ಪರಸ್ಪರ ಕೊಟ್ಟುಕೊಂಡರೆ ಟನಲ್ ಸಿದ್ಧ. ಪರಿಚಯವಿಲ್ಲದ ಕೀಯಿಂದ ಬಂದ ಪ್ಯಾಕೆಟ್ಟಿಗೆ ಇದು ಉತ್ತರವನ್ನೇ ಕೊಡದಿರುವುದರಿಂದ, ಪೋರ್ಟುಗಳನ್ನು ತಡಕಾಡುವವರಿಗೆ ಇಲ್ಲೊಂದು ಬಾಗಿಲಿದೆ ಎಂಬುದೂ ತಿಳಿಯುವುದಿಲ್ಲ. ರೂಟರಿನಲ್ಲಿ ಒಂದು ವೈರ್‌ಗಾರ್ಡ್ ಇಂಟರ್‌ಫೇಸ್ ಮಾಡಿ, ಅದಕ್ಕೆ ಕಚೇರಿಯ ವಿಳಾಸಗಳಿಗಿಂತ ಬೇರೆಯಾದ ಒಂದು ಸಣ್ಣ ಶ್ರೇಣಿ ಕೊಟ್ಟು, ಒಬ್ಬೊಬ್ಬ ಸಿಬ್ಬಂದಿಗೂ ಒಂದೊಂದು ಪಿಯರ್ (ಎದುರು ತುದಿಯ ಸಾಧನದ ನಮೂದು) ಸೇರಿಸಿ, ಅಲೌಡ್ ಅಡ್ರೆಸ್ ಎಂಬಲ್ಲಿ ಅವರ ಒಂದೇ ವಿಳಾಸವನ್ನು /32 ಎಂದು ಬರೆಯಬೇಕು. ಮೈಕ್ರೋಟಿಕ್ ಇದಕ್ಕೆ ತಾನಾಗಿ ಆಯ್ದುಕೊಳ್ಳುವ ಪೋರ್ಟ್ 13231.

ಈಚಿನ ಆವೃತ್ತಿಗಳಲ್ಲಿ ಬಳಕೆದಾರರ ಕಡೆಯ ಸಂರಚನೆಯನ್ನೂ ರೂಟರೇ ಬರೆದು, ಫೋನಿಗೆ ಕ್ಯೂಆರ್ ಕೋಡ್ ತೋರಿಸುತ್ತದೆ. ಅನುಕೂಲವೇನೋ ಹೌದು; ಆದರೆ ಹಾಗೆ ಮಾಡಿದಾಗ ಬಳಕೆದಾರರ ಖಾಸಗಿ ಕೀ ರೂಟರಿನಲ್ಲೇ ಹುಟ್ಟಿ ಅಲ್ಲೇ ಒಂದು ಪ್ರತಿ ಉಳಿಯುತ್ತದೆ, ಮೇಲಾಗಿ ಆ ಕಡತ ವಾಟ್ಸ್‌ಆ್ಯಪ್ ಮೂಲಕ ಓಡಾಡುವ ಸಂಭವವೂ ಹೆಚ್ಚು. ಲ್ಯಾಪ್‌ಟಾಪಿನಲ್ಲೇ ಕೀ ಹುಟ್ಟಿಸಿ ಸಾರ್ವಜನಿಕ ಕೀಯನ್ನಷ್ಟೇ ತರಿಸಿಕೊಳ್ಳುವುದು ಸರಿಯಾದ ಕ್ರಮ, ಅದಕ್ಕೆ ಬೇಕಾಗುವ ಹೆಚ್ಚಿನ ಹೊತ್ತು ತೀರ ಕಡಿಮೆ. ಇನ್ನೊಂದು ರೂಢಿಯ ಬಗೆಗೂ ಇಲ್ಲೇ ಹೇಳಬೇಕು: ಬಹುತೇಕ ಮಾರ್ಗದರ್ಶಿಗಳು 25 ಸೆಕೆಂಡಿಗೊಮ್ಮೆ ಜೀವಂತ ಸಂಕೇತ ಕಳಿಸುವ ಆಯ್ಕೆಯನ್ನು ಕಣ್ಣುಮುಚ್ಚಿ ಹಾಕಿಸುತ್ತವೆ. ಕಚೇರಿಯಿಂದ ಮನೆಯ ಯಂತ್ರವನ್ನು ತಲುಪುವ ಅಗತ್ಯವಿದ್ದರೆ ಮಾತ್ರ ಅದು ಬೇಕು. ಮನೆಯಿಂದ ಸರ್ವರಿಗೆ ಹೋಗುವುದಷ್ಟೇ ಕೆಲಸವಾದರೆ ಫೋನಿನ ಬ್ಯಾಟರಿ ತಿನ್ನುವುದನ್ನು ಬಿಟ್ಟು ಅದರಿಂದ ಏನೂ ಆಗುವುದಿಲ್ಲ.

ಈಗ ಫೈರ್‌ವಾಲ್ ವಿಷಯ. ಈ ರೂಟರಿನ ಸಾಮರ್ಥ್ಯವೂ ಅಪಾಯವೂ ಇರುವುದು ಇಲ್ಲಿಯೇ. ಡಬ್ಬಿಯಿಂದ ಹೊರತೆಗೆದಾಗ ಇರುವ ನಿಯಮಗಳ ಪ್ರಕಾರ, ರೂಟರಿಗೇ ಬರುವ ಸಂಚಾರದಲ್ಲಿ ಲ್ಯಾನ್ (ಕಚೇರಿಯ ಒಳಜಾಲ) ಎಂಬ ಪಟ್ಟಿಗೆ ಸೇರದ ಇಂಟರ್‌ಫೇಸ್‌ಗಳಿಂದ ಬಂದದ್ದೆಲ್ಲವೂ ತಿರಸ್ಕೃತ. ಆದ್ದರಿಂದ ಮೊದಲು 13231ನೆಯ ಯುಡಿಪಿ ಪೋರ್ಟನ್ನು ಒಪ್ಪಿಕೊಳ್ಳುವ ನಿಯಮವನ್ನು ಆ ತಿರಸ್ಕಾರದ ಸಾಲಿಗಿಂತ ಮೇಲೆ ಇಡಬೇಕು. ಕೆಳಗಿಟ್ಟರೆ ಅದು ಇದ್ದೂ ಇಲ್ಲದಂತೆ. ಟನಲ್ ಎದ್ದಮೇಲೂ ಬಳಕೆದಾರರು ರೂಟರನ್ನು ಡಿಎನ್‌ಎಸ್ ಸರ್ವರೆಂದು, ಅಂದರೆ ಹೆಸರಿಗೆ ತಕ್ಕ ಐಪಿ ವಿಳಾಸ ಹೇಳುವ ಸರ್ವರೆಂದು, ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ವೈರ್‌ಗಾರ್ಡ್ ಇಂಟರ್‌ಫೇಸ್ ಇನ್ನೂ ಲ್ಯಾನ್ ಪಟ್ಟಿಯಲ್ಲಿಲ್ಲ. ಸರ್ವರಿನ ಐಪಿ ಬರೆದರೆ ತೆರೆಯುತ್ತದೆ, ಹೆಸರು ಬರೆದರೆ ತೆರೆಯುವುದಿಲ್ಲ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಇದಕ್ಕೆ ಪರಿಹಾರವಾಗಿ ಎಲ್ಲರೂ ಇಂಟರ್‌ಫೇಸನ್ನು ಲ್ಯಾನ್ ಪಟ್ಟಿಗೆ ಸೇರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಡಿಎನ್‌ಎಸ್ ಜೊತೆಗೆ ರೂಟರಿನ ಆಡಳಿತದ ಬಾಗಿಲೂ ಪ್ರತಿಯೊಬ್ಬ ಸಿಬ್ಬಂದಿಗೆ ತೆರೆದುಕೊಳ್ಳುತ್ತದೆ. ಡಿಎನ್‌ಎಸ್ ಬಳಸುವ 53ನೆಯ ಪೋರ್ಟನ್ನಷ್ಟೇ ಒಪ್ಪುವ ಪ್ರತ್ಯೇಕ ನಿಯಮ ಬರೆಯುವುದು ಉತ್ತಮ.

ರೂಟರನ್ನು ದಾಟಿ ಒಳಜಾಲಕ್ಕೆ ಹೋಗುವ ಸಂಚಾರದ ಕತೆ ಇದಕ್ಕೆ ತೀರ ವಿರುದ್ಧ. ಅಲ್ಲಿನ ಮೂಲ ನಿಯಮ ತಡೆಯುವುದು ಇಂಟರ್ನೆಟ್ ಕಡೆಯಿಂದ ಕೇಳದೆ ಬಂದದ್ದನ್ನು ಮಾತ್ರ; ಕೊನೆಯಲ್ಲಿ ಉಳಿದದ್ದೆಲ್ಲವನ್ನೂ ತಡೆಯುವ ಸಾಲು ಇಲ್ಲ. ವೈರ್‌ಗಾರ್ಡ್ ಇಂಟರ್‌ಫೇಸ್ ಇಂಟರ್ನೆಟ್ ಪಟ್ಟಿಗೆ ಸೇರಿದ್ದಲ್ಲವಾದ್ದರಿಂದ, ಟನಲ್ ಮೂಲಕ ಬಂದವರಿಗೆ ಸರ್ವರು, ಪ್ರಿಂಟರು, ಸಿಸಿಟಿವಿಯ ಡಿವಿಆರ್, ಪಾಲುದಾರರ ಕಂಪ್ಯೂಟರು ಎಲ್ಲವೂ ಸಲೀಸಾಗಿ ಸಿಗುತ್ತವೆ. ಕಟ್ಟಿದವರಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಎಲ್ಲವೂ ಕೆಲಸ ಮಾಡುತ್ತಿರುತ್ತದೆ. ಮನೆಯಲ್ಲಿ ಮಕ್ಕಳು ಆಟ ಇಳಿಸಿಕೊಳ್ಳುವ ಲ್ಯಾಪ್‌ಟಾಪೇ ರಾತ್ರಿ ಕಚೇರಿಗೆ ಬರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ವೈರ್‌ಗಾರ್ಡ್‌ನಿಂದ ಸರ್ವರಿನ 3389ಕ್ಕೆ ಮಾತ್ರ ಅವಕಾಶ, ಉಳಿದದ್ದಕ್ಕೆ ತಡೆ ಎಂಬ ಎರಡು ಸಾಲು ಬರೆಯಲೇಬೇಕು. ಪಿಯರ್‌ಗಳ ವಿಳಾಸ ಸ್ಥಿರವಾಗಿರುವುದರಿಂದ ಪಾಲುದಾರರಿಗೊಂದು ಮಟ್ಟ, ಸಿಬ್ಬಂದಿಗೊಂದು ಮಟ್ಟ, ಹೊರಗಿನ ಟ್ಯಾಲಿ ದುರಸ್ತಿಯವರಿಗೆ ಇನ್ನೊಂದು ಮಟ್ಟ ಎಂದು ವಿಳಾಸಪಟ್ಟಿಗಳ ಮೂಲಕ ವಿಂಗಡಿಸುವುದೂ ಸುಲಭ. ಇಷ್ಟು ಸೂಕ್ಷ್ಮವಾಗಿ ಬಾಗಿಲು ಕಾಯುವ ಶಕ್ತಿ ಈ ಬೆಲೆಯ ಮನೆಬಳಕೆಯ ರೂಟರುಗಳಲ್ಲಿ ನನಗೆ ಕಂಡಿಲ್ಲ. ಆದರೆ ಆ ಶಕ್ತಿ ತಾನಾಗಿ ಕೆಲಸಕ್ಕೆ ಬರುವುದಿಲ್ಲ, ಬರೆದರೆ ಮಾತ್ರ ಉಂಟು.

ವಿಳಾಸಗಳ ಘರ್ಷಣೆ ಹೊರಗಿನಿಂದ ಬರುವವರ ಸಂಪರ್ಕಗಳಲ್ಲಿ ಹಳೆಯ ಕಾಟ. ಮನೆಯ ರೂಟರೂ ಕಚೇರಿಯದೂ 192.168.1.0 ಶ್ರೇಣಿಯಲ್ಲೇ ಇದ್ದರೆ ಸರ್ವರಿಗೆ ಹೋಗಬೇಕಾದ ಪ್ಯಾಕೆಟ್ಟು ಮನೆಯೊಳಗೇ ಸುತ್ತುತ್ತದೆ. ಮೈಕ್ರೋಟಿಕ್ ಮೊದಲಿನಿಂದಲೂ 192.168.88.0 ಶ್ರೇಣಿಯನ್ನು ಬಳಸುತ್ತ ಬಂದಿರುವುದರಿಂದ ಹೊಸದಾಗಿ ಕೂರಿಸುವ ಕಡೆ ಈ ತೊಂದರೆ ಅಪರೂಪ; ಹಳೆಯ ಕಚೇರಿಯಲ್ಲಿ ಪ್ರಿಂಟರಿನಿಂದ ಹಿಡಿದು ಎಲ್ಲದರ ವಿಳಾಸ ಬದಲಿಸುವ ಧೈರ್ಯ ಮಾಡಿದರೆ ಮುಂದೆ ನೆಮ್ಮದಿ. ಪ್ಯಾಕೆಟ್ ಗಾತ್ರದ ತೊಂದರೆ ಇದಕ್ಕಿಂತ ಮೋಸದ್ದು. ವೈರ್‌ಗಾರ್ಡ್ ತನ್ನ ಇಂಟರ್‌ಫೇಸಿಗೆ 1420 ಬೈಟುಗಳ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಇಟ್ಟುಕೊಳ್ಳುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಕಂಪನಿಯ ಜಾಲಕ್ಕೆ ಸೇರುವ ಪಿಪಿಪಿಓಇ ಸಂಪರ್ಕದಲ್ಲಿ 1500ರ ಬದಲು 1492 ಬೈಟುಗಳೇ ಸಿಗುತ್ತವೆ. ಹೊರಗಿನ ಸಂಚಾರ ಐಪಿವಿ4ನಲ್ಲಿದ್ದರೆ ವೈರ್‌ಗಾರ್ಡ್‌ನ ಹೊರೆ 60 ಬೈಟು, ಆಗ ಅಡ್ಡಿಯಿಲ್ಲ. ಐಪಿವಿ6ನಲ್ಲಿದ್ದರೆ ಹೊರೆ 80 ಬೈಟು, ಆಗ ಉಳಿಯುವುದು 1412 ಮಾತ್ರ. ಮೊಬೈಲ್ ಜಾಲಗಳಲ್ಲಿ ಐಪಿವಿ4 ಸಂಚಾರವನ್ನು ಐಪಿವಿ6ಗೆ ತಿರುಗಿಸಿ ಸಾಗಿಸುವ ಕ್ರಮವೂ ಇರುವುದರಿಂದ, ಫೋನಿನ ಹಾಟ್‌ಸ್ಪಾಟ್‌ನಿಂದ ಬರುವವರಿಗೆ ಲಾಗಿನ್ ಆಗುತ್ತದೆ, ಪರದೆ ಮಾತ್ರ ಕಪ್ಪಗೆ ನಿಂತುಬಿಡುತ್ತದೆ. ಬಳಕೆದಾರರ ಕಡೆ ಎಂಟಿಯುವನ್ನು 1280ಕ್ಕೆ ಇಳಿಸಿದರೆ ಈ ಕಾಟ ತೀರುತ್ತದೆ. ವೇಗದಲ್ಲಿ ಆಗುವ ನಷ್ಟ ಟ್ಯಾಲಿಯ ಪರದೆಗೆ ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಕಟ್ಟುವ ಮೊದಲು ಕಚೇರಿಗೆ ಹೊರಗಿನಿಂದ ತಲುಪಬಹುದಾದ ವಿಳಾಸ ಇದೆಯೇ ಎಂದು ನೋಡಬೇಕು. ರೂಟರಿನ ಇಂಟರ್ನೆಟ್ ಪೋರ್ಟಿಗೆ ಬಂದಿರುವ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ, ನೂರಾರು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸ ಹಂಚಿಕೊಳ್ಳುವ ಸಿಜಿನ್ಯಾಟ್ ಹಿಂದೆ ನೀವಿದ್ದೀರಿ ಎಂದೇ ಅರ್ಥ. ಆಗ ಯಾವ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ನೇರ ಪರಿಹಾರವೆಂದರೆ ಇಂಟರ್ನೆಟ್ ಕಂಪನಿಯಿಂದ ಹೆಚ್ಚುವರಿ ಶುಲ್ಕಕ್ಕೆ ಸ್ಥಿರ ಐಪಿ ಪಡೆಯುವುದು. ಕೇಳುವಾಗ ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ, ಸ್ಥಿರ ಐಪಿ ಎಂದು ಹೇಳಿ ಸಿಜಿನ್ಯಾಟ್ ಒಳಗಿನ ಸ್ಥಿರ ವಿಳಾಸ ಕೊಟ್ಟ ಉದಾಹರಣೆ ನಾನು ಬಲ್ಲೆ. ಫೈಬರ್ ಪೆಟ್ಟಿಗೆಯನ್ನು ಬ್ರಿಜ್ (ಸಂಚಾರವನ್ನು ಸುಮ್ಮನೆ ದಾಟಿಸುವ) ಸ್ಥಿತಿಗೆ ಹಾಕಿಸಿಕೊಂಡು ಪಿಪಿಪಿಓಇ ಲಾಗಿನ್ನನ್ನು ಮೈಕ್ರೋಟಿಕ್‌ನಲ್ಲೇ ಮಾಡಿಕೊಳ್ಳುವುದೂ ಲೇಸು. ವಿಳಾಸ ಸಾರ್ವಜನಿಕವೇ ಆಗಿದ್ದು ಆಗಾಗ ಬದಲಾಗುತ್ತಿದ್ದರೆ ರೂಟರಿನೊಳಗಿನ ಐಪಿ ಕ್ಲೌಡ್ ಸೌಲಭ್ಯ ಉಚಿತವಾಗಿ ಒಂದು ಹೆಸರು ಕೊಟ್ಟು ಅದನ್ನು ನವೀಕರಿಸುತ್ತಿರುತ್ತದೆ. ಆದರೆ ವೈರ್‌ಗಾರ್ಡ್ ಸಾಮಾನ್ಯವಾಗಿ ಆ ಹೆಸರನ್ನು ಆರಂಭದಲ್ಲಿ ಒಮ್ಮೆ ಮಾತ್ರ ಹುಡುಕುತ್ತದೆ. ಕಚೇರಿಯಲ್ಲಿ ಕರೆಂಟು ಹೋಗಿ ಬಂದು ವಿಳಾಸ ಬದಲಾದರೆ ಮನೆಯಲ್ಲಿರುವವರು ಟನಲ್ಲನ್ನು ಒಮ್ಮೆ ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿರಬೇಕು.

ಸ್ಥಿರ ಐಪಿ ಸಿಗದವರಿಗಾಗಿ ಮೈಕ್ರೋಟಿಕ್ 2023ರಲ್ಲಿ ಬ್ಯಾಕ್ ಟು ಹೋಮ್ ಎಂಬ ಸೌಲಭ್ಯ ಸೇರಿಸಿತು. ಫೋನಿನ ಆ್ಯಪ್ ಮೂಲಕ ಇದನ್ನು ಚಾಲೂ ಮಾಡಿದರೆ ರೂಟರು ವೈರ್‌ಗಾರ್ಡ್ ಟನಲ್ಲನ್ನು ತಾನೇ ಕಟ್ಟಿಕೊಂಡು, ನೇರ ದಾರಿ ಇಲ್ಲದಾಗ ಕಂಪನಿಯ ಮಧ್ಯವರ್ತಿ ಸರ್ವರಿನ ಮೂಲಕ ಸಂಪರ್ಕ ಕೊಡುತ್ತದೆ. ಗೂಢಲಿಪಿಯ ಕೀಗಳು ಎರಡು ತುದಿಗಳಲ್ಲೇ ಇರುತ್ತವೆ. ಮಾಲೀಕರೊಬ್ಬರು ಊರಿಗೆ ಹೋದಾಗ ಕ್ಯಾಮೆರಾ ನೋಡುವುದಕ್ಕೆ ಇದು ಚೆನ್ನಾಗಿದೆ. ಹತ್ತು ಜನರ ದಿನನಿತ್ಯದ ಕೆಲಸವನ್ನು ಬೇರೆಯವರ ಮಧ್ಯವರ್ತಿ ಸರ್ವರಿನ ವೇಗದ ಮೇಲೆ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ.

ವೈರ್‌ಗಾರ್ಡ್‌ನ ನಿಜವಾದ ಕೊರತೆ ಇರುವುದು ದಾಖಲೆಯಲ್ಲಿ. ಅದಕ್ಕೆ ಲಾಗಿನ್ ಎಂಬ ಕಲ್ಪನೆಯೇ ಇಲ್ಲ. ಪ್ರತಿ ಪಿಯರ್ ಎದುರು ಕೊನೆಯ ಹಸ್ತಲಾಘವ (ಎರಡು ತುದಿಗಳು ಪರಸ್ಪರ ಗುರುತಿಸಿಕೊಳ್ಳುವ ಹಂತ) ನಡೆದು ಎಷ್ಟು ಹೊತ್ತಾಯಿತು ಎಂಬುದು ಕಾಣುತ್ತದೆ, ಅಷ್ಟೇ. ನಿನ್ನೆ ರಾತ್ರಿ ಹನ್ನೊಂದಕ್ಕೆ ಯಾರು ಒಳಗಿದ್ದರು ಎಂದು ಕೇಳಿದರೆ ರೂಟರಿನ ಬಳಿ ಉತ್ತರವಿಲ್ಲ. ಇದು ಕುತೂಹಲದ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸೆರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಕಂಪನಿಗಳೂ ಸೇರಿದಂತೆ ಹಲವು ಬಗೆಯ ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಹೇಳುತ್ತವೆ. ಅದೇ ನಿರ್ದೇಶನದಲ್ಲಿ ಗ್ರಾಹಕರ ವಿವರಗಳನ್ನು ಐದು ವರ್ಷ ಇಡಬೇಕೆಂಬ ಷರತ್ತು ಸಾರ್ವಜನಿಕರಿಗೆ ವಿಪಿಎನ್ ಮಾರುವವರಿಗೆ ಸಂಬಂಧಿಸಿದ್ದು. ಸಂಸ್ಥೆಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಅದು ಅನ್ವಯಿಸದೆಂದು ನಂತರ ಸ್ಪಷ್ಟಪಡಿಸಲಾಯಿತು. ಈ ಎರಡನ್ನೂ ಬೆರೆಸಿಕೊಂಡು, ಕಚೇರಿಯಲ್ಲಿ ವಿಪಿಎನ್ ಇಡುವುದೇ ಕಾನೂನುಬಾಹಿರವೇ ಎಂದು ಕೇಳುವವರು ಇಂದಿಗೂ ಸಿಗುತ್ತಾರೆ. ರೂಟರಿನ ಲಾಗ್ ಮೂಲತಃ 1000 ಸಾಲುಗಳಿಗೆ ಸೀಮಿತವಾಗಿ ರ‍್ಯಾಮ್‌ನಲ್ಲೇ ಇರುತ್ತದೆ, ರೂಟರು ಮರುಚಾಲನೆಯಾದರೆ ಮಾಯ. ಆದ್ದರಿಂದ ವೈರ್‌ಗಾರ್ಡ್‌ನಿಂದ 3389ಕ್ಕೆ ಹೋಗುವ ಪ್ರತಿ ಹೊಸ ಸಂಪರ್ಕವನ್ನೂ ಫೈರ್‌ವಾಲ್ ನಿಯಮದಲ್ಲೇ ಲಾಗ್ ಮಾಡಿಸಿ, ಅದನ್ನು ಸಿಸ್‌ಲಾಗ್ (ಲಾಗ್ ಸಾಲುಗಳನ್ನು ಜಾಲದಲ್ಲಿ ಸಾಗಿಸುವ ವಿಧಾನ) ಮೂಲಕ ಸರ್ವರಿಗೆ ಕಳಿಸುವ ಏರ್ಪಾಡು ಮಾಡಬೇಕು. ವಿಂಡೋಸ್ ಸರ್ವರಿನ ಸ್ವಂತ ಲಾಗಿನ್ ದಾಖಲೆಯೊಂದಿಗೆ ಇದನ್ನು ಹೊಂದಿಸಿದರೆ ಚಿತ್ರ ಪೂರ್ಣವಾಗುತ್ತದೆ. ಪಿಪಿಪಿ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಇಲ್ಲಿ ಕೈಯಾರೆ ಕಟ್ಟಿಕೊಳ್ಳಬೇಕು, ಅದು ಬೇಸರದ ಕೆಲಸ.

ಪಾಸ್‌ವರ್ಡೂ ಇಲ್ಲ, ಒಟಿಪಿಯೂ ಇಲ್ಲ ಎಂಬುದು ಎರಡನೆಯ ಕೊರತೆ. ಕೀ ಇರುವ ಲ್ಯಾಪ್‌ಟಾಪ್ ಯಾರ ಕೈಯಲ್ಲಿದೆಯೋ ಅವರೇ ಬಳಕೆದಾರರು. ಲ್ಯಾಪ್‌ಟಾಪ್ ಕಳೆದರೆ ಆ ಪಿಯರನ್ನು ನಿಷ್ಕ್ರಿಯಗೊಳಿಸುವುದು ಒಂದು ಕ್ಲಿಕ್ಕಿನ ಕೆಲಸ, ಉಳಿದವರಿಗೆ ಯಾವ ತೊಂದರೆಯೂ ಇಲ್ಲ. ಎಲ್‌2ಟಿಪಿಯಲ್ಲಾದರೆ ಎಲ್ಲರಿಗೂ ಸಾಮಾನ್ಯವಾದ ಗುಪ್ತಪದವನ್ನು ಎಲ್ಲರ ಯಂತ್ರಗಳಲ್ಲೂ ಬದಲಿಸಬೇಕಾಗುತ್ತಿತ್ತು. ಆದರೆ ಒಂದು ಕೀಯನ್ನು ಇಬ್ಬರು ಹಂಚಿಕೊಂಡಿದ್ದರೆ ಅದನ್ನು ತಡೆಯುವ ದಾರಿ ಇಲ್ಲ. ಸಂಪರ್ಕ ಇಬ್ಬರ ನಡುವೆ ಹೊಯ್ದಾಡುವುದೊಂದೇ ಅದರ ಸೂಚನೆ. ವಿಂಡೋಸ್‌ನ ವೈರ್‌ಗಾರ್ಡ್ ತಂತ್ರಾಂಶಕ್ಕೆ ನಿರ್ವಾಹಕರ ಹಕ್ಕು ಬೇಕೆಂಬುದನ್ನೂ ಗಮನಿಸಬೇಕು. ಸಾಮಾನ್ಯ ಖಾತೆಯ ಸಿಬ್ಬಂದಿ ಟನಲ್ ಹಚ್ಚಿ ಆರಿಸುವಂತಾಗಲು ಅವರನ್ನು ಜಾಲ ಸಂರಚನೆಯ ಗುಂಪಿಗೆ ಸೇರಿಸಿ ರಿಜಿಸ್ಟ್ರಿಯಲ್ಲಿ ಒಂದು ಅನುಮತಿ ಕೊಡಬೇಕು; ಈ ಹಂತ ತಪ್ಪಿಸಲೆಂದು ಎಲ್ಲರಿಗೂ ನಿರ್ವಾಹಕರ ಹಕ್ಕು ಕೊಡುವ ಕಚೇರಿಗಳೇ ಹೆಚ್ಚು.

ವೇಗದ ಬಗೆಗೆ ಹೆಚ್ಚು ಹೇಳುವುದಿಲ್ಲ. ವೈರ್‌ಗಾರ್ಡ್‌ಗೆ ಯಂತ್ರಾಂಶದ ನೆರವಿಲ್ಲದಿದ್ದರೂ ನಾಲ್ಕು ಕೋರ್‌ಗಳು ಸಾಕಾಗುತ್ತವೆ. ಪರದೆಯ ಚಿತ್ರ ಸಾಗಿಸುವ ಕೆಲಸದಲ್ಲಿ ಕಚೇರಿ ಸಂಪರ್ಕದ ಅಪ್‌ಲೋಡ್ ವೇಗ ಮೊದಲು ಮುಗಿಯುತ್ತದೆ, ರೂಟರಲ್ಲ. ಟನಲ್ಲುಗಳು ಐವತ್ತರ ಗಡಿ ದಾಟುವಂತಿದ್ದರೆ, ಅಥವಾ ಶಾಖೆಗಳ ನಡುವೆ ಬ್ಯಾಕಪ್ ಓಡಿಸಬೇಕಿದ್ದರೆ, ಅದೇ ಕಂಪನಿಯ ಆರ್‌ಬಿ5009 ತೆಗೆದುಕೊಳ್ಳುವುದು ಸೂಕ್ತ. ಅದರಲ್ಲಿ ವೈಫೈ ಇಲ್ಲ ಎಂಬುದು ನೆನಪಿರಲಿ.

ಮರೆತುಬಿಡುವ ಕಚೇರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ ಎಂದದ್ದಕ್ಕೆ ಕಾರಣ 2018ರ ಇತಿಹಾಸದಲ್ಲಿದೆ. ಆ ವರ್ಷ ಮೈಕ್ರೋಟಿಕ್‌ನ ಆಡಳಿತ ತಂತ್ರಾಂಶವಾದ ವಿನ್‌ಬಾಕ್ಸ್‌ನಲ್ಲಿ ಬೆಳಕಿಗೆ ಬಂದ ದೋಷ ಬಳಸಿ ಹೊರಗಿನವರು ರೂಟರಿನ ಬಳಕೆದಾರರ ಪಾಸ್‌ವರ್ಡ್ ಕಡತವನ್ನೇ ಓದಬಹುದಾಗಿತ್ತು. ಕಂಪನಿ ಏಪ್ರಿಲ್‌ನಲ್ಲೇ ಪರಿಹಾರದ ಆವೃತ್ತಿ ಬಿಟ್ಟಿದ್ದರೂ, ಅಪ್‌ಡೇಟ್ ಮಾಡದ, ಆಡಳಿತದ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟ ಅಪಾರ ಸಂಖ್ಯೆಯ ರೂಟರುಗಳು ತಿಂಗಳುಗಟ್ಟಲೆ ಬೇರೆಯವರ ಕೈಯಲ್ಲಿ ದುಡಿದವು. ಮೂಲ ನಿಯಮಗಳನ್ನು ಅಳಿಸದೆ ಉಳಿಸಿಕೊಂಡರೆ ಆಡಳಿತದ ಬಾಗಿಲು ಹೊರಗಿನವರಿಗೆ ಮುಚ್ಚಿಯೇ ಇರುತ್ತದೆ. ಈಗಿನ ಮಾದರಿಗಳು ಖಾಲಿ ಪಾಸ್‌ವರ್ಡಿನ ಬದಲು ಪ್ರತಿ ಪೆಟ್ಟಿಗೆಗೂ ಬೇರೆ ಪಾಸ್‌ವರ್ಡ್ ಮುದ್ರಿಸಿಕೊಂಡು ಬರುತ್ತವೆ. ಆದರೂ ಅಪ್‌ಡೇಟ್ ತಾನಾಗಿ ನಡೆಯುವುದಿಲ್ಲ, ಯಾರಾದರೂ ಕೂತು ಮಾಡಬೇಕು. ಅಂಥವರನ್ನು ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಿಕೊಳ್ಳದ ಕಚೇರಿಗೆ ಇದಕ್ಕಿಂತ ಕಡಿಮೆ ಶಕ್ತಿಯ, ತಾನೇ ನವೀಕರಿಸಿಕೊಳ್ಳುವ ರೂಟರೇ ಮೇಲು.

ಕೊಳ್ಳುವವರು ಕೂರಿಸಿಕೊಟ್ಟವರಿಂದ ಮರೆಯದೆ ಕೇಳಿ ಪಡೆಯಬೇಕಾದದ್ದು ಬ್ಯಾಕಪ್. ರೂಟರ್‌ಓಎಸ್ 7 ತನ್ನ ಸಂರಚನೆಯನ್ನು ಪಠ್ಯರೂಪದಲ್ಲಿ ಹೊರಹಾಕುವಾಗ ಗುಪ್ತ ವಿವರಗಳನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಆ ಪಠ್ಯವೊಂದನ್ನೇ ಕಾದಿಟ್ಟುಕೊಂಡಿದ್ದರೆ, ಸಿಡಿಲಿಗೆ ರೂಟರು ಸುಟ್ಟ ಮೇಲೆ ಹೊಸದರಲ್ಲಿ ವೈರ್‌ಗಾರ್ಡ್‌ನ ಖಾಸಗಿ ಕೀ ಇರುವುದಿಲ್ಲ, ಪ್ರತಿಯೊಬ್ಬ ಸಿಬ್ಬಂದಿಯ ಲ್ಯಾಪ್‌ಟಾಪನ್ನೂ ಮತ್ತೆ ಮುಟ್ಟಬೇಕಾಗುತ್ತದೆ. ಗುಪ್ತ ವಿವರಗಳನ್ನೂ ಸೇರಿಸಿಕೊಂಡ ಪಠ್ಯ ಒಂದನ್ನು, ಪಾಸ್‌ವರ್ಡ್ ಹಾಕಿದ ಪೂರ್ಣ ಬ್ಯಾಕಪ್ ಇನ್ನೊಂದನ್ನು ಬರೆಸಿಕೊಂಡು, ಎರಡನ್ನೂ ರೂಟರಿನಿಂದ ಹೊರಗೆ, ಮಾಲೀಕರ ಬಳಿಯೇ ಬೀಗ ಹಾಕಿಡಬೇಕು.